ಹಾಡಿನೊಳಗಿನ ‘ನಾನು’ ಯಾರು?

ಹೆವಿ ಮೆಟಲ್ ಹಾಡುಗಳನ್ನು ಕಾವ್ಯಮೀಮಾಂಸೆಯ ಪಕ್ಕದಲ್ಲಿರಿಸುವುದು ಕೆಲವರಿಗೆ ಅಪಚಾರವೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಅರ್ಥ ಮಾಡುವಾಗ ನಾವು ಎಡವುವ ಜಾಗಗಳು ಪಂಪನ ಮುಂದೆ ಭಕ್ತಿಯ ಮರೆಯಲ್ಲಿ ಅಡಗಿಬಿಡುತ್ತವೆ. ಕಿವಿಗಡಚಿಕ್ಕುವ ಈ ಹಾಡುಗಳ ಮುಂದೆ ಬಯಲಾಗುತ್ತವೆ.

1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಹಾಡುಗಳ ಸಾಹಿತ್ಯವನ್ನು ಕುರಿತು ವಿಚಾರಣೆ ನಡೆಸಿತು. ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್ ಅಲ್ಲಿ ಹಾಜರಾದರು. ಅವರ ‘ಅಂಡರ್ ದ ಬ್ಲೇಡ್’ ಹಾಡು ಹಿಂಸಾರತಿಯನ್ನೂ ಬಲಾತ್ಕಾರವನ್ನೂ ವರ್ಣಿಸುತ್ತದೆಂದು ಪಾಲಕರ ಸಂಘಟನೆಯೊಂದರ ಟಿಪ್ಪರ್ ಗೋರ್ ಆರೋಪಿಸಿದ್ದರು. ಅದು ಶಸ್ತ್ರಚಿಕಿತ್ಸೆಯ ಭಯವನ್ನು ಕುರಿತ ಹಾಡು, ತಮ್ಮ ತಂಡದ ಗಿಟಾರ್ ವಾದಕನ ಗಂಟಲಿನ ಚಿಕಿತ್ಸೆಯೇ ಅದಕ್ಕೆ ಪ್ರೇರಣೆ, ಗೋರ್ ಹೇಳುವ ಹಿಂಸೆ ಇರುವುದು ಅವರ ಮನಸ್ಸಿನಲ್ಲಿ ಎಂದು ಸ್ನೈಡರ್ ಉತ್ತರಿಸಿದರು.

ಬರೆದವನೇ ಹೇಳಿದ ಮೇಲೆ ಮುಗಿಯಿತಲ್ಲ ಎನ್ನುವವರನ್ನು ನಾನು ಒಪ್ಪಲಾರೆ. ಪಠ್ಯವನ್ನು ನೋಡಿ. ಕಟ್ಟಿದ ಕೈಕಾಲುಗಳಿವೆ, ಕಣ್ಣಿಗೆ ಬೀಳುವ ಬೆಳಕಿದೆ, ಬೇರೆ ಚಾಕುಗಳ ಜೊತೆಗೆ ವೈದ್ಯನ ಅಲಗಿನ ಮಾತೂ ಇದೆ. ಗೋರ್ ಕಟ್ಟನ್ನು ಕಂಡರು, ಬೆಳಕನ್ನೂ ವೈದ್ಯನನ್ನೂ ಬಿಟ್ಟರು. ಸ್ನೈಡರ್ ಅವರ ವಿವರಣೆಯಾದರೂ ಉಳಿದ ಚಾಕುಗಳಿಗೆ ಲೆಕ್ಕ ಕೊಡುವುದಿಲ್ಲ. ಹಾಡು ಅವರಿಬ್ಬರಿಗಿಂತ ದೊಡ್ಡದು: ಅಲಗಿನ ಕೆಳಗೆ ಅಸಹಾಯಕನಾಗಿ ಮಲಗಿದ ಯಾವ ದೇಹದ ಭಯವಾದರೂ ಅದರಲ್ಲಿದೆ. ಹೀಗೆನ್ನಲು ನನಗೆ ಕವಿಯ ಅನುಮತಿ ಬೇಕಿಲ್ಲ, ಪಠ್ಯದ ಆಧಾರ ಬೇಕು. ಏಕನಾಥರ ಚೇಳಿನ ಭಾರೂಡವನ್ನು ಮರಾಠಿಯಲ್ಲಿ ಕೇಳಿದವರಿಗೆ ಇದು ಹೊಸ ಮಾತಲ್ಲ. ಅಲ್ಲಿ ಕುಟುಕುವ ಚೇಳು ಕಾಮಕ್ರೋಧವೆಂಬುದನ್ನು ವ್ಯಾಖ್ಯಾನಕಾರರು ಹೊರಗಿನಿಂದ ತಂದಿಲ್ಲ, ಭಾರೂಡವೇ ಹೇಳುತ್ತದೆ. ಚೀರುತ್ತಿರುವವನು ಏಕನಾಥನೆಂದು ಭಾವಿಸಿ ಔಷಧಿ ತರಲು ಯಾರೂ ಓಡುವುದಿಲ್ಲ.

ಆದರೆ ನಮ್ಮ ಉತ್ತರಪತ್ರಿಕೆಗಳಲ್ಲಿ ಅದೇ ಓಟ ನಡೆಯುತ್ತದೆ. ದುರ್ಯೋಧನನ ಮಾತನ್ನು ಉದ್ಧರಿಸಿ “ಕವಿ ಹೇಳುತ್ತಾನೆ” ಎಂದು ಬರೆಯುತ್ತೀರಿ. ವ್ಯಂಗ್ಯಾರ್ಥಕ್ಕೆ ಕಾರಣವಾಗುವ ಸಂಗತಿಗಳನ್ನು ಎಣಿಸುವಾಗ ಮಮ್ಮಟ ವಕ್ತೃವನ್ನೇ, ಎಂದರೆ ಮಾತನಾಡುವವನನ್ನೇ, ಮೊದಲಿಗಿಡುತ್ತಾನೆ. ಕೇಳುವವನು, ಕಾಕು ಅನಂತರ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಐರನ್ ಮೇಡನ್ ತಂಡದ 1982ರ ‘ರನ್ ಟು ದ ಹಿಲ್ಸ್’ ಹಾಡನ್ನೊಮ್ಮೆ ಕೇಳಬೇಕು. ಮೊದಲ ಭಾಗದಲ್ಲಿ ಮಾತನಾಡುವವರು ಬಿಳಿಯರ ದಾಳಿಗೆ ತುತ್ತಾದ ಕ್ರೀ ಜನ. ಲಯ ಕುದುರೆಯ ನಾಗಾಲೋಟಕ್ಕೆ ತಿರುಗುತ್ತಿದ್ದಂತೆ ‘ನಾವು’ ಎನ್ನುವವರು ಬದಲಾಗುತ್ತಾರೆ. ಈಗ ಮಾತು ಬೆನ್ನಟ್ಟುವ ಸೈನಿಕರದು. ಮೂರನೆಯ ಭಾಗದಲ್ಲಿ ದೂರ ನಿಂತು ಅದೇ ಸೈನಿಕರ ಕ್ರೌರ್ಯವನ್ನು ನೋಡುವ ಮತ್ತೊಂದು ದನಿ. ಸೈನಿಕನ ಮಾತನ್ನು ಮಾತ್ರ ಕಿತ್ತು ತೋರಿಸಿದರೆ ಈ ಹಾಡು ಕೊಲೆಯ ಹೊಗಳಿಕೆಯಾಗಿಬಿಡುತ್ತದೆ. ಇಂಥ ಹಾಡುಗಳ ಮೇಲಿನ ದೂರುಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ ಕಿತ್ತ ಸಾಲುಗಳಿಂದಲೇ.

ಈ ಹಾಡಿನ ಪಲ್ಲವಿಯನ್ನು ನಿಮಗೇ ಬಿಡುತ್ತೇನೆ. ಬೆಟ್ಟಗಳ ಕಡೆಗೆ ಓಡಿರೆಂಬ ಆ ಕೂಗು ಮೊದಲು ಬರುವುದು ಸೈನಿಕರ ಭಾಗದ ಬೆನ್ನಿಗೆ. ಅದು ಬೇಟೆಗಾರನ ಅಣಕವೋ, ತನ್ನವರಿಗೆ ಕ್ರೀ ಮನುಷ್ಯ ಕೊಟ್ಟ ಎಚ್ಚರಿಕೆಯೋ? ಪದಗಳೆರಡಕ್ಕೂ ಒಂದೇ, ಕಾಕು ಮಾತ್ರ ಬೇರೆ.