ಯಾವಾಗ ಬಳಸಬಾರದು ಎಂದೂ ಬರೆಯೋಣ

ಕೋರದಲ್ಲಿ ಅಭ್ಯಾಸ ಬೋಧನೆಯಲ್ಲಿದ್ದಾಗ ಏಳನೇ ತರಗತಿಗೆ ಉಷ್ಣದ ಪಾಠ ಮಾಡಿದೆ. ಮೇಜಿನ ಮೇಲಿದ್ದ ಎರಡೂ ತಾಪಮಾಪಕಗಳಿಗೆ ನಾನೇ ಚೀಟಿ ಅಂಟಿಸಿದ್ದೆ: ‘ತಾಪ ಅಳೆಯುವ ಸಾಧನ’. ಬಿಸಿನೀರಿನ ತಾಪ ನೋಡಿ ಎಂದೆ. ಒಬ್ಬ ವಿದ್ಯಾರ್ಥಿನಿ ಜ್ವರ ನೋಡುವ ತಾಪಮಾಪಕವನ್ನೇ ಬೀಕರಿಗೆ ಇಳಿಸಹೊರಟಳು; ಕೈ ಹಿಡಿದು ತಡೆದೆ. ಒಡೆದಿದ್ದರೆ ಮೇಜಿನ ತುಂಬ ಪಾದರಸ. ತಪ್ಪು ಅವಳದಲ್ಲ, ನನ್ನ ಚೀಟಿಯದು. ಮರುದಿನ ಬದಲಿಸಿದೆ: ‘ಮೈಯ ಜ್ವರ ನೋಡಲು ಮಾತ್ರ. 35ರಿಂದ 42 ಡಿಗ್ರಿ ಸೆಲ್ಸಿಯಸ್. ಬಿಸಿನೀರಿಗೆ ಪಕ್ಕದ್ದು.’

ಅಂಕಪಟ್ಟಿಯ ಕೆಲಸವನ್ನು ಎಐ ಏಜೆಂಟ್‌ಗೆ ಒಪ್ಪಿಸೋಣ ಎನ್ನುವ ಸಹಪಾಠಿಗಳಿಗೆ ಇದನ್ನೇ ಹೇಳುತ್ತೇನೆ. ಹುಡುಗಿಗೆ ಸಾಧನವಾದರೂ ಕಣ್ಣಿಗೆ ಕಾಣುತ್ತಿತ್ತು. ಏಜೆಂಟ್‌ಗೆ ಸಿಗುವುದು ಸಾಧನದ ಹೆಸರು, ಅದರ ವಿವರಣೆ, ಒದಗಿಸಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. ‘ಅಂಕ ಹುಡುಕು’ ಎಂದಷ್ಟೇ ಬರೆದಿಟ್ಟರೆ ಯಾವ ಪರೀಕ್ಷೆಯ ಅಂಕ, ಹೆಸರು ಸಾಕೋ ನೋಂದಣಿ ಸಂಖ್ಯೆ ಬೇಕೋ ಎಂಬುದನ್ನು ಅದು ಊಹಿಸಿಕೊಳ್ಳುತ್ತದೆ. ಒಂದೇ ಹೆಸರಿನವರು ತರಗತಿಗೆ ಇಬ್ಬರಾದರೂ ಇರುತ್ತಾರಲ್ಲ!

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ನಮ್ಮ ಪಾಠಯೋಜನೆಯ ‘ಬೋಧನೋಪಕರಣ’ ಕಾಲಂನಲ್ಲೇ ಅಭ್ಯಾಸ ಮಾಡಬಹುದು. ಈಗ ಅಲ್ಲಿ ಬರೀ ಹೆಸರು ಬರೆಯುತ್ತೇವೆ, ಸಹಿಯೂ ಬೀಳುತ್ತದೆ. ಉಪಕರಣದ ಮಿತಿ, ಏಕಮಾನ, ಯಾವಾಗ ಬಳಸಬಾರದು ಎಂಬ ಒಂದೊಂದು ಸಾಲು ಇಲ್ಲದಿದ್ದರೆ ಮಾರ್ಗದರ್ಶಕರು ಯೋಜನೆಯನ್ನು ಹಿಂದಿರುಗಿಸಲಿ. ಮೊದಲು ನನ್ನದನ್ನೇ.