ದಮ್ಮಿನವರ ರಕ್ತದ ರಿಪೋರ್ಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ದೆಸೆಯಿಂದ ಪ್ಲೇಟ್‌ಲೆಟ್ ಅಂದರೆ ಏನೆಂದು ಬಹಳ ಮನೆಗಳಿಗೆ ಗೊತ್ತು. ಅದನ್ನು ಎಣಿಸುವ ಸಿಬಿಸಿ ಎಂಬ ರಕ್ತಪರೀಕ್ಷೆಯ ರಿಪೋರ್ಟಿನಲ್ಲೇ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣದ ಸಾಲೂ ಇರುತ್ತದೆ. ಅತ್ತ ಕಣ್ಣು ಹಾಯಿಸುವವರು ಕಡಿಮೆ. ವರ್ಷಗಟ್ಟಲೆ ದಮ್ಮಿನಿಂದ ಏದುಸಿರು ಬಿಡುವವರು ನೋಡಬೇಕಾದದ್ದು ಅದನ್ನೇ.

ಇಲ್ಲಿ ದಮ್ಮು ಅಂದದ್ದು ಸಿಒಪಿಡಿ ಎಂಬ, ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ. ಬೀಡಿ ಸೇದದ ಹೆಂಗಸರಿಗೂ ಅದು ಬರುತ್ತದೆ. ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಎಲ್ಲ ಕಡೆಯೂ ಹೊಗೆಯೇ. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ನೋಡಿದ ಮೈಸೂರಿನ ಸಂಶೋಧಕರಿಗೆ, ನಂಜನಗೂಡಿನ ಹಳ್ಳಿಗಳಲ್ಲಿ ಆ ಲೆಕ್ಕ 60 ದಾಟಿದವರಲ್ಲಿ ದೀರ್ಘಕಾಲದ ಕಫದ ಕೆಮ್ಮು ಹೆಚ್ಚಿರುವುದು ಕಂಡಿತು. 3 ಗಂಟೆಯಂತೆ 20 ವರ್ಷ ಕೂತರೆ 60 ಆಯಿತು. ನಮ್ಮ ಅಜ್ಜಿಯರು ನಡುವಯಸ್ಸಿಗೆ ಮೊದಲೇ ಅದನ್ನು ದಾಟಿದವರು.

ರೋಗ ಇದೆಯೇ ಎಂದು ಹೇಳುವುದು ಊದಿಸಿ ನೋಡುವ ಸ್ಪೈರೋಮೆಟ್ರಿ, ರಕ್ತವಲ್ಲ. ಯಾವ ಔಷಧ ಹಿಡಿಸೀತು ಎಂಬುದಕ್ಕೆ ರಕ್ತ ಸುಳಿವು ಕೊಡುತ್ತದೆ. ಒಟ್ಟು ಬಿಳಿರಕ್ತಕಣ 8,000, ಇಯೊಸಿನೊಫಿಲ್ ಶೇ. 4 ಎಂದಿದ್ದರೆ ಇಯೊಸಿನೊಫಿಲ್ ಸಂಖ್ಯೆ 320 ಆಯಿತು. ಗೋಲ್ಡ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಪದೇಪದೇ ದಮ್ಮು ಕೆರಳುವವರಲ್ಲಿ ಇದು 300 ಅಥವಾ ಹೆಚ್ಚಿದ್ದರೆ ಸ್ಟೀರಾಯ್ಡ್ ಇರುವ ಇನ್‌ಹೇಲರ್‌ನಿಂದ ಲಾಭ ಜಾಸ್ತಿ. 100ಕ್ಕಿಂತ ಕಡಿಮೆಯಿದ್ದರೆ ಲಾಭ ಅತ್ಯಲ್ಪ, ನ್ಯುಮೋನಿಯಾದ ಭಯವೇ ದೊಡ್ಡದು. ಹಾಗೆಂದು ಇನ್‌ಹೇಲರನ್ನು ತಾವೇ ನಿಲ್ಲಿಸಬಾರದು.

ಅದೇ ರಿಪೋರ್ಟಿನ ಇನ್ನೊಂದು ಲೆಕ್ಕ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣದ ಶೇಕಡಾವಾರನ್ನು ಲಿಂಫೊಸೈಟ್ ಎಂಬ ಇನ್ನೊಂದರ ಶೇಕಡಾವಾರಿನಿಂದ ಭಾಗಿಸುವುದು. 80 ಮತ್ತು 10 ಇದ್ದರೆ 8. ದಮ್ಮು ಕೆರಳಿ ಆಸ್ಪತ್ರೆ ಸೇರಿದವರಲ್ಲಿ ಈ ಅಂಕಿ ಏರಿದಷ್ಟೂ ಸಾವಿನ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಯಾವ ಸೋಂಕು ಬಂದರೂ ಅದು ಏರುತ್ತದೆ, ಹಾಗಾಗಿ ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ.

ಇಯೊಸಿನೊಫಿಲ್ಲೂ ಮೋಸ ಮಾಡುತ್ತದೆ. ಬರಿಗಾಲಲ್ಲಿ ಹಸಿ ತೋಟ ತಿರುಗುವವರ ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೂ ಅದು ಏರುತ್ತದೆ. ದಮ್ಮು ಜೋರಾದಾಗ ನುಂಗಿದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅದನ್ನು ಇಳಿಸಿಬಿಡುತ್ತದೆ. ಆರಾಮಿದ್ದಾಗ ಮಾಡಿಸಿದ ಹಳೇ ರಿಪೋರ್ಟು ಪ್ಲಾಸ್ಟಿಕ್ ಕವರಿನಲ್ಲಿ ಇದ್ದರೆ, ಡಾಕ್ಟರ ಮುಂದೆ ಅದನ್ನೇ ಮೊದಲು ಬಿಚ್ಚಿ.