ವೆನಿಸ್ಸಿಗೆ ಹೋಗುವವರು ಎಲ್ಲಿ ತಂಗಬೇಕು?

ಯುರೋಪು ಪ್ರವಾಸಕ್ಕೆ ಹೊರಡುವವರಿಗೆ ನಮ್ಮ ನಡುವೆ ಸಿಗುವ ಸಲಹೆಗಳಲ್ಲಿ ಎರಡನ್ನು ಯಾರೂ ಪ್ರಶ್ನಿಸುವುದಿಲ್ಲ. ಮೊದಲನೆಯದು: ವೆನಿಸ್ಸಿನೊಳಗೆ ತಂಗುವುದು ದುಡ್ಡಿಗೆ ದಂಡ, ನೀರಿನಾಚೆಯ ಮೆಸ್ತ್ರೆಯಲ್ಲಿ ಅಗ್ಗದ ಕೋಣೆ ಸಿಗುತ್ತದೆ, ಬೆಳಿಗ್ಗೆ ರೈಲು ಹತ್ತಿದರೆ ಹತ್ತು ನಿಮಿಷದಲ್ಲಿ ಊರು, ಸಂಜೆಗೆ ವಾಪಸು. ಎರಡನೆಯದು: ಊರೊಳಗೇ ಇರಬೇಕೆಂಬ ಹಟವಿದ್ದರೆ ಹೋಟೆಲಿನ ಗೊಡವೆ ಬೇಡ, ಒಂದು ಇಡೀ ಮನೆಯನ್ನೇ ನಾಲ್ಕು ದಿನಕ್ಕೆ ಹಿಡಿಯಿರಿ, ಅಡುಗೆಮನೆ ಇರುತ್ತದೆ, ಅನ್ನ ಸಾರು ಮಾಡಿಕೊಳ್ಳಬಹುದು, ಅಲ್ಲಿಯವರಂತೆ ಬದುಕಿದ ಹಾಗೂ ಆಗುತ್ತದೆ. ಮುಂಬಯಿ, ಪುಣೆ, ದೆಹಲಿಗಳ ನಮ್ಮ ಕೂಟಗಳಲ್ಲಿ ಈ ಎರಡೂ ಜಾಣತನದ ಮಾತುಗಳೆಂದೇ ಚಲಾವಣೆಯಲ್ಲಿವೆ. ಎರಡೂ ತಪ್ಪು ಎಂಬುದು ನಮ್ಮ ವಾದ. ಮೊದಲನೆಯದು ಊರಿನಿಂದ ಎಲ್ಲವನ್ನೂ ಪಡೆದು ಬಹಳ ಕಡಿಮೆ ಕೊಡುವ ದಾರಿ. ಎರಡನೆಯದು ಊರಿನವನನ್ನು ಎಬ್ಬಿಸಿ ಅವನ ಹಾಸಿಗೆಯಲ್ಲಿ ಮಲಗುವ ದಾರಿ.

ರಿಯಾಲ್ಟೊ ಸೇತುವೆಯಿಂದ ನಾಲ್ಕು ಹೆಜ್ಜೆಯಲ್ಲಿ ಸಾನ್ ಬಾರ್ತೊಲೊಮಿಯೊ ಚೌಕವಿದೆ. ವೆನಿಸ್ಸಿನ ಸಾಮಾನ್ಯ ಜನರ ಜಗಳ, ಸರಸಗಳನ್ನು ರಂಗಕ್ಕೆ ತಂದ ನಾಟಕಕಾರ ಕಾರ್ಲೊ ಗೋಲ್ದೋನಿಯ ಕಂಚಿನ ಪ್ರತಿಮೆ ಅಲ್ಲಿ ನಿಂತಿದೆ. ಅದೇ ಚೌಕದ ಔಷಧದಂಗಡಿಯೊಂದರ ಕಿಟಕಿಯಲ್ಲಿ 2008ರಿಂದ ಒಂದು ವಿದ್ಯುತ್ ಫಲಕವಿದೆ. ಐತಿಹಾಸಿಕ ನಗರದಲ್ಲಿ ಇನ್ನೂ ಎಷ್ಟು ಜನ ವಾಸವಾಗಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. 1951ರಲ್ಲಿ ಈ ದ್ವೀಪನಗರದಲ್ಲಿ ಸುಮಾರು 1,75,000 ಜನರಿದ್ದರು. ಫಲಕ ಹಾಕಿದಾಗ ಉಳಿದಿದ್ದವರು ಸುಮಾರು 60,000. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ಸಾಂತಾ ಮಾರ್ಗರಿಟಾ ಚೌಕದ ಪುಸ್ತಕದಂಗಡಿಯೊಂದು ಇನ್ನೊಂದು ಫಲಕವನ್ನು ತೂಗುಹಾಕಿತು. ಅದು ಎಣಿಸುವುದು ಪ್ರವಾಸಿಗರಿಗೆ ಬಾಡಿಗೆಗೆ ಸಿಗುವ ಹಾಸಿಗೆಗಳನ್ನು. 2023ರ ಸೆಪ್ಟೆಂಬರಿನಲ್ಲಿ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ದಾಟಿತು ಎಂಬ ಸುದ್ದಿ ಬಂತು.

ಈ ಇಳಿಕೆಯೆಲ್ಲಕ್ಕೂ ಪ್ರವಾಸಿಯೇ ಕಾರಣನೆಂದರೆ ಅನ್ಯಾಯವಾದೀತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಜನ ಹೊರಟದ್ದು ನೆಲಮಹಡಿಯ ಥಂಡಿಯಿಂದ ಪಾರಾಗಲು, ಮಾರ್ಗೇರಾದ ಕಾರ್ಖಾನೆಗಳ ಕೆಲಸಕ್ಕೆ, ಕಾರು ನಿಲ್ಲಿಸಬಹುದಾದ ಹೊಸ ಮನೆಗಳಿಗೆ. 1966ರ ನವೆಂಬರ್ 4ರ ಮಹಾಪ್ರವಾಹ ಅನೇಕರ ಧೈರ್ಯವನ್ನು ಉಡುಗಿಸಿತು. ಆದರೆ ಅಂದು ಹೋದವರು ಖಾಲಿ ಮನೆಗಳನ್ನು ಬಿಟ್ಟುಹೋದರು. ಆ ಮನೆಗಳಿಗೆ ಮತ್ತೊಬ್ಬರು ಬರುವ ಸಾಧ್ಯತೆಯಾದರೂ ಇತ್ತು. ಇಂದು ಮನೆ ಖಾಲಿ ಉಳಿಯುವುದಿಲ್ಲ. ಅದರ ಬಾಗಿಲಿಗೆ ಸಂಖ್ಯೆ ಒತ್ತಿ ತೆರೆಯುವ ಕೀಲಿಪೆಟ್ಟಿಗೆ ಬರುತ್ತದೆ, ಚಕ್ರದ ಪೆಟ್ಟಿಗೆ ಎಳೆದುಕೊಂಡು ನಾವು ಬರುತ್ತೇವೆ.

ಇದರ ಲೆಕ್ಕಾಚಾರ ಸರಳವಾದುದು. ಇಟಲಿಯಲ್ಲಿ ವಾಸಕ್ಕೆಂದು ಮನೆ ಕೊಡುವ ಸಾಮಾನ್ಯ ಕರಾರು ನಾಲ್ಕು ವರ್ಷದ್ದು, ಮತ್ತೆ ನಾಲ್ಕು ವರ್ಷಕ್ಕೆ ಮುಂದುವರಿಯುವಂಥದ್ದು. ಪ್ರವಾಸಿಗೆ ಕೊಟ್ಟರೆ ಅಂಥ ಕಟ್ಟುಪಾಡಿಲ್ಲ. ವಾರಕ್ಕೊಬ್ಬ ಬರುತ್ತಾನೆ, ಮುಂಗಡವಾಗಿಯೇ ಹಣ ತೆರುತ್ತಾನೆ, ಸೋರುವ ನಲ್ಲಿಯ ಬಗ್ಗೆ ವರ್ಷಗಟ್ಟಲೆ ತಕರಾರು ಮಾಡುವುದಿಲ್ಲ. ಮನೆಯ ಯಜಮಾನ ದುಷ್ಟನೇನಲ್ಲ, ಕೂಡಿಸಿ ಕಳೆಯಲು ಬಲ್ಲವನು, ಅಷ್ಟೆ. ಕಾ ಫೋಸ್ಕರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಸಂತ ಯೋಹಾನ ಮತ್ತು ಪೌಲರ ಹೆಸರಿನ ಆಸ್ಪತ್ರೆಯ ದಾದಿ, ಸಾರ್ವಜನಿಕ ದೋಣಿ ನಡೆಸುವ ನಾವಿಕ, ಇವರು ಯಾರೂ ಆ ಲೆಕ್ಕದಲ್ಲಿ ನಮ್ಮೊಡನೆ ಸ್ಪರ್ಧಿಸಲಾರರು. ನಾವು ನಾಲ್ಕು ರಾತ್ರಿಗೆ ತೆರುವುದನ್ನು ಅವರು ತಿಂಗಳಿಗೆ ತೆರಬೇಕೆಂದರೂ ಯೋಚಿಸಬೇಕಾಗುತ್ತದೆ. ಹಾಗಾಗಿ ಊರನ್ನು ನಡೆಸುವ ಕೈಗಳಲ್ಲಿ ಹಲವು ಪ್ರತಿದಿನ ಬೆಳಿಗ್ಗೆ ನೀರಿನಾಚೆಯಿಂದ ಸೇತುವೆ ದಾಟಿ ಬಂದು, ರಾತ್ರಿ ಮರಳುತ್ತವೆ. ಅಲ್ಲಿಯವರಂತೆ ಬದುಕಿದೆವು ಎಂದು ನಾವು ಹೆಮ್ಮೆ ಪಡುವ ಮನೆಯಲ್ಲಿ ಅಲ್ಲಿಯವರು ಬದುಕುತ್ತಿಲ್ಲ, ಏಕೆಂದರೆ ನಾವಿದ್ದೇವೆ.

ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಗಾಂವ್, ಮಾಟುಂಗಾಗಳ ಬಾಡಿಗೆ ಮನೆಗಳಿಂದ ಡೊಂಬಿವಲಿಗೆ, ಮೀರಾರೋಡಿಗೆ ಸರಿದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಮನೆ ದೂರವಾದಾಗ ದೂರವಾಗುವುದು ಕಚೇರಿಯೊಂದೇ ಅಲ್ಲ. ಸಂಘದ ಗ್ರಂಥಾಲಯ, ಮಕ್ಕಳ ಕನ್ನಡ ತರಗತಿ, ಸಂಜೆಯ ನಾಟಕದ ತಾಲೀಮು ಎಲ್ಲವೂ ಲೋಕಲ್ ರೈಲಿನ ವೇಳಾಪಟ್ಟಿಗೆ ಒಳಗಾಗುತ್ತವೆ. ನೆರೆಹೊರೆ ಚದುರುವುದೆಂದರೇನೆಂದು ಬಲ್ಲವರು, ಇನ್ನೊಬ್ಬರ ನೆರೆಹೊರೆಯನ್ನು ಚದುರಿಸುವ ವ್ಯವಹಾರಕ್ಕೆ ರಜೆಯ ಹೆಸರಿನಲ್ಲಿ ಹಣ ಹೂಡುವುದು ಹೇಗೆ?

ಇನ್ನು ಮೆಸ್ತ್ರೆಯ ಜಾಣತನ. 2017ರಲ್ಲಿ ನಗರಸಭೆ ಐತಿಹಾಸಿಕ ನಗರದಲ್ಲಿ ಹೊಸ ಹೋಟೆಲುಗಳಿಗೆ ತಡೆ ಹಾಕಿತು. ಮೆಸ್ತ್ರೆಯ ರೈಲು ನಿಲ್ದಾಣದ ಸುತ್ತ ದೊಡ್ಡ ಹೋಟೆಲುಗಳು ಎದ್ದುನಿಂತವು. ನಮ್ಮ ದೇಶದಿಂದ ಹೋಗುವ ತಂಡಗಳಲ್ಲಿ ಅನೇಕವು ಇಳಿಯುವುದು ಅಲ್ಲಿ, ಇಲ್ಲವೇ ಅದಕ್ಕೂ ಆಚೆಯ ಪಾದುವಾದಲ್ಲಿ. ಬೆಳಿಗ್ಗೆ ಹತ್ತಕ್ಕೆ ಬಂದು, ಸಂತ ಮಾರ್ಕನ ಚೌಕದಲ್ಲಿ ಪಾರಿವಾಳಗಳ ನಡುವೆ ನಿಂತು, ಗಾಜಿನ ಕುಲುಮೆಯೊಂದನ್ನು ನೋಡಿ, ರಿಯಾಲ್ಟೊ ಮೇಲೆ ಚಿತ್ರ ತೆಗೆಸಿಕೊಂಡು ನಾಲ್ಕರ ಹೊತ್ತಿಗೆ ಬಸ್ಸು ಹತ್ತುತ್ತಾರೆ. ಎಲ್ಲರೂ ಅದೇ ಹೊತ್ತಿಗೆ, ಅದೇ ಎರಡು ಮೂರು ಓಣಿಗಳಲ್ಲಿ. ಊರಿನ ಓಣಿ ಸವೆಯುತ್ತದೆ, ಕಸದ ದೋಣಿ ತುಂಬುತ್ತದೆ, ನಿವಾಸಿಗೆ ಸಾರ್ವಜನಿಕ ದೋಣಿಯಲ್ಲಿ ನಿಲ್ಲಲು ಜಾಗವಿಲ್ಲ. ಊರಿಗೆ ಸಿಗುವುದು ಒಂದು ಐಸ್‌ಕ್ರೀಮಿನ ಬೆಲೆ.

ಈ ಕಾರಣಕ್ಕಾಗಿಯೇ ವೆನಿಸ್ 2024ರ ಏಪ್ರಿಲ್ 25ರಿಂದ ದಿನದ ಮಟ್ಟಿಗೆ ಬರುವವರಿಂದ ಪ್ರವೇಶಶುಲ್ಕ ಪಡೆಯತೊಡಗಿತು. ಮೊದಲ ವರ್ಷ 29 ದಿನ, ತಲೆಗೆ 5 ಯೂರೊ. 2025ರಲ್ಲಿ 54 ದಿನ, ಮುಂಚಿತವಾಗಿ ನೋಂದಾಯಿಸದವರಿಗೆ 10 ಯೂರೊ. ರಾತ್ರಿ ತಂಗುವವರು ತಂಗುದಾಣದಲ್ಲೇ ತೆರಿಗೆ ಕಟ್ಟುವುದರಿಂದ ಅವರಿಗೆ ವಿನಾಯಿತಿ. ಮೆಸ್ತ್ರೆಯೂ ಅದೇ ನಗರಸಭೆಯ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿ ತಂಗಿದವರಿಗೂ ವಿನಾಯಿತಿ ಇದೆ. ಪಾದುವಾದಲ್ಲಿ ತಂಗಿದ ಪ್ರವಾಸಿಗೆ ಇಲ್ಲ. ಕಾನೂನು ಮೆಸ್ತ್ರೆಯವರನ್ನು ಬಿಟ್ಟಿತೆಂದ ಮಾತ್ರಕ್ಕೆ ವಿವೇಕವೂ ಬಿಡಬೇಕಾಗಿಲ್ಲ. ಹಗಲಿನ ನೂಕುನುಗ್ಗಲಿಗೆ ಅವರು ಸೇರಿಸುವ ಭಾರ ಪಾದುವಾದವರದಷ್ಟೇ.

ಅತಿಥಿ ಎಲ್ಲಿ ಮಲಗಬೇಕೆಂಬ ಪ್ರಶ್ನೆ ವೆನಿಸ್ಸಿಗೆ ಹೊಸದಲ್ಲ. ಗಣರಾಜ್ಯದ ಕಾಲದಲ್ಲಿ ಅದನ್ನು ನಿರ್ಧರಿಸುತ್ತಿದ್ದದ್ದು ಸರ್ಕಾರ. ಜರ್ಮನ್ ವರ್ತಕರು ರಿಯಾಲ್ಟೊ ಬಳಿಯ ಫೋಂದಾಕೊದಲ್ಲೇ ತಂಗಬೇಕಿತ್ತು. 1505ರಲ್ಲಿ ಬೆಂಕಿಗೆ ಸಿಕ್ಕ ಆ ಕಟ್ಟಡವನ್ನು ಸರ್ಕಾರವೇ ಮತ್ತೆ ಕಟ್ಟಿಸಿತು. ತುರ್ಕಿಯ ವರ್ತಕರಿಗೆ 1621ರಲ್ಲಿ ಪ್ರತ್ಯೇಕ ಫೋಂದಾಕೊ ಬಂತು. ಯಹೂದಿಗಳನ್ನು 1516ರಲ್ಲಿ ಗೆತ್ತೊ ಎಂಬ ಆವರಣದೊಳಗೆ ಕೂಡಿಹಾಕಿದ್ದು ಈ ಚರಿತ್ರೆಯ ಕ್ರೂರ ಮುಖ. ಆ ಬೀಗಗಳು ಮರಳಲಿ ಎಂದು ಯಾರೂ ಹೇಳಲಾರರು. ಆದರೆ ಹೊರಗಿನವನ ಹಾಸಿಗೆ ಊರಿನ ಸಾರ್ವಜನಿಕ ವಿಷಯ ಎಂಬ ತಿಳಿವಳಿಕೆ ಅಲ್ಲಿ ಹಳೆಯದು. ಅದು ಖಾಸಗಿ ಆಯ್ಕೆ, ಯಾರಿಗೂ ಸಂಬಂಧಿಸಿದ್ದಲ್ಲ ಎಂಬ ಭ್ರಮೆಯೇ ಇತ್ತೀಚಿನದು. ಜರ್ಮನರ ಆ ಫೋಂದಾಕೊ ಮುಂದೆ ಅಂಚೆ ಕಚೇರಿಯಾಯಿತು. 2016ರಲ್ಲಿ ಐಷಾರಾಮಿ ಸರಕಿನ ಮಳಿಗೆಯಾಗಿ ಬಾಗಿಲು ತೆರೆಯಿತು. ಪತ್ರ ಹಾಕಲು ಬರುವ ಊರಿನವರು ಇಲ್ಲವಾದಾಗ ಕಟ್ಟಡಗಳಿಗೆ ಆಗುವುದು ಇದೇ.

ನಮ್ಮ ಚರಿತ್ರೆಗೂ ವೆನಿಸ್ಸಿಗೂ ಒಂದು ನಂಟಿದೆ. ವೆನಿಸ್ಸಿನ ನಿಕೊಲೊ ಕೋಂತಿ ವಿಜಯನಗರಕ್ಕೆ ಬಂದದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಅಷ್ಟು ಪ್ರಸಿದ್ಧನಲ್ಲದ ಇನ್ನೊಬ್ಬ ವೆನಿಸ್ಸಿನ ವರ್ತಕ ಚೆಸಾರೆ ಫೆದೆರೀಚಿ. ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷದ ಮೇಲೆ, 1567ರಲ್ಲಿ, ಹಾಳುಬಿದ್ದ ವಿಜಯನಗರಕ್ಕೆ ಬಂದವನು. ಅವನ ಕೆಲಸ ಒಂದು ತಿಂಗಳಿನದು. ದಾರಿಯಲ್ಲಿ ಕಳ್ಳಕಾಕರ ಭಯವಿದ್ದುದರಿಂದ ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು. ಹಾಗೆ ಉಳಿದದ್ದರಿಂದಲೇ ಯುದ್ಧದ ನಂತರದ ಆ ನಗರದ ಬಗ್ಗೆ ಅವನ ಬರಹ ಇಂದಿಗೂ ಇತಿಹಾಸಕಾರರಿಗೆ ಬೇಕಾಗಿದೆ. ಅವನು ನಮ್ಮ ಹಾಳೂರಿಗೆ ಏಳು ತಿಂಗಳು ಕೊಟ್ಟ; ನಾವು ಅವನ ಜೀವಂತ ಊರಿಗೆ ಐದು ಗಂಟೆ ಕೊಟ್ಟು ನೋಡಿಬಂದೆವು ಎನ್ನುತ್ತೇವೆ.

ಹಂಪಿ 1986ರಲ್ಲಿ, ವೆನಿಸ್ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 2011ರಲ್ಲಿ ಹಂಪಿ ಬಜಾರಿನ ನಿವಾಸಿಗಳನ್ನು ಯಂತ್ರಗಳಿಂದ ಎಬ್ಬಿಸಿದಾಗ ನಮ್ಮಲ್ಲಿ ಕೆಲವರಾದರೂ ದನಿಯೆತ್ತಿದರು, ಏಕೆಂದರೆ ಅದು ಕಣ್ಣಿಗೆ ಕಂಡಿತು. ವೆನಿಸ್ಸಿನಲ್ಲಿ ಅದೇ ಕೆಲಸ ಯಂತ್ರವಿಲ್ಲದೆ, ಬಾಡಿಗೆಯ ಕರಾರುಗಳು ಒಂದೊಂದಾಗಿ ಮುಗಿಯುವ ಮೂಲಕ ನಡೆಯುತ್ತಿದೆ.

ಈಗ ಆಕ್ಷೇಪಣೆಗಳು. ಊಟದ ವಿಚಾರ ಮೊದಲು, ಏಕೆಂದರೆ ನಮ್ಮಲ್ಲಿ ಎಲ್ಲ ವಾದಗಳ ಬುಡದಲ್ಲಿರುವುದು ಅದೇ. ಸಸ್ಯಾಹಾರಿಗಳು ವೆನಿಸ್ಸಿನಲ್ಲಿ ಉಪವಾಸ ಬೀಳುವುದಿಲ್ಲ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಉತ್ತರ ಕರ್ನಾಟಕದವರಿಗೆ ಅಪರಿಚಿತವೆನಿಸದು. ಟೊಮೆಟೊ ಪಾಸ್ತಾ, ಪೀಟ್ಸಾ ಎಲ್ಲೆಡೆ ಇವೆ. ಸಾಂತ್ ಎರಾಸ್ಮೊ ದ್ವೀಪದ ತರಕಾರಿ ರಿಯಾಲ್ಟೊ ಸಂತೆಗೆ ಬರುತ್ತದೆ. ಮೀನು, ಮಾಂಸದ ಸಾರಿನ ಬಗ್ಗೆ ವಿಚಾರಿಸಿಕೊಳ್ಳಬೇಕು, ಅಷ್ಟೆ. ಪಥ್ಯದ ಹಿರಿಯರಿಗೆ, ಎಳೆಗೂಸಿಗೆ ಅಡುಗೆಮನೆ ಬೇಕೇಬೇಕೆಂದರೆ ಮನೆಯೊಡೆಯರು ತಾವೂ ವಾಸವಾಗಿರುವ ಮನೆಯಲ್ಲಿ ಒಂದು ಕೋಣೆ ಹಿಡಿಯಿರಿ. ಕೊಡಗಿನಲ್ಲಿ ಹೋಂಸ್ಟೇ ಎಂಬ ಮಾತು ಹುಟ್ಟಿದ್ದು ಆ ಅರ್ಥದಲ್ಲಿಯೇ: ಮನೆಯವರು ಇದ್ದಾರೆ, ಅವರ ಒಲೆ ಉರಿಯುತ್ತಿದೆ, ಅತಿಥಿಗೊಂದು ಕೋಣೆ.

ದುಡ್ಡಿನ ಆಕ್ಷೇಪಣೆ ನ್ಯಾಯವಾದುದು. ನಮ್ಮಂಥ ಸಂಬಳದವರಿಗೆ ಸಂತ ಮಾರ್ಕನ ಚೌಕದ ಬಳಿಯ ಹೋಟೆಲು ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ಕನ್ನರೇಜೊ, ಕಾಸ್ತೆಲ್ಲೊಗಳ ಒಳಭಾಗದಲ್ಲಿ ಕುಟುಂಬಗಳೇ ನಡೆಸುವ ಸಣ್ಣ ತಂಗುದಾಣಗಳಿವೆ. ಕ್ರೈಸ್ತ ಮಠಗಳು ನಡೆಸುವ ಸರಳ ಅತಿಥಿಗೃಹಗಳಿವೆ. ಲಿಡೊ ದ್ವೀಪದಲ್ಲಿ ಹೋಟೆಲೆಂದೇ ಕಟ್ಟಿದ ಹೋಟೆಲುಗಳಿವೆ. ಜೂನ್ ಬಿಟ್ಟು ನವೆಂಬರಿನಲ್ಲಿ, ಅಥವಾ ಜನವರಿಯಲ್ಲಿ ಕಾರ್ನಿವಲ್‌ಗೆ ಮುಂಚೆ ಹೋದರೆ ದರ ಇಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ದಿನದಲ್ಲಿ ಐದು ದೇಶ ಎಂಬ ಲೆಕ್ಕ ಬಿಟ್ಟು ಎರಡು ಊರು ಕೈಬಿಟ್ಟರೆ ಮೂರನೆಯ ಊರಿನಲ್ಲಿ ಮೂರು ರಾತ್ರಿ ಕಳೆಯುವ ಹಣ ಕೈಯಲ್ಲಿರುತ್ತದೆ. ಹಣವಿಲ್ಲ ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು, ಪಟ್ಟಿ ಕಿರಿದಾಗುತ್ತದೆ ಎಂಬ ಅಳುಕು.

ಹೋಟೆಲೂ ಒಂದು ಕಾಲಕ್ಕೆ ಮನೆಯೋ ಅರಮನೆಯೋ ಆಗಿರಲಿಲ್ಲವೇ ಎಂದು ಕೇಳಬಹುದು. ಆಗಿತ್ತು. ಆದರೆ ಹೋಟೆಲು ಕಣ್ಣಿಗೆ ಕಾಣುತ್ತದೆ. ನಗರಸಭೆ ಅದನ್ನು ಎಣಿಸಬಲ್ಲದು, ತಡೆಯಬಲ್ಲದು, ಅಲ್ಲಿ ದುಡಿಯುವವರಿಗೆ ಸಂಬಳದ ಕೆಲಸವಿರುತ್ತದೆ. ಮೂರನೆಯ ಮಹಡಿಯ ಮನೆ ಸದ್ದಿಲ್ಲದೆ ತಂಗುದಾಣವಾದಾಗ ಕೆಳಗಿನ ಮನೆಯ ಮುದುಕಿಗೆ ಮಾತ್ರ ತಿಳಿಯುತ್ತದೆ.

ನಾವೊಬ್ಬರು ಬದಲಾದರೆ ಏನಾದೀತು ಎಂಬುದು ಕೊನೆಯ ಆಕ್ಷೇಪಣೆ. ಮನೆಗಳು ಒಂದೇ ಏಟಿಗೆ ಕೈತಪ್ಪಲಿಲ್ಲ. ಒಂದೊಂದು ಕುಟುಂಬದ ಒಂದೊಂದು ಬುಕಿಂಗಿನಿಂದ ತಪ್ಪಿದವು. ಯುರೋಪಿನ ನಗರಗಳು ಇದನ್ನು ಅರಿತಿವೆ. ಆಮ್‌ಸ್ಟರ್‌ಡ್ಯಾಮ್ ಮನೆಗಳನ್ನು ಪ್ರವಾಸಿಗರಿಗೆ ಕೊಡುವುದಕ್ಕೆ ವರ್ಷಕ್ಕೆ 30 ರಾತ್ರಿಗಳ ಮಿತಿ ಹಾಕಿತು. ಫ್ಲಾರೆನ್ಸ್ 2023ರಲ್ಲಿ ತನ್ನ ಐತಿಹಾಸಿಕ ಕೇಂದ್ರದಲ್ಲಿ ಅಂಥ ಹೊಸ ಬಾಡಿಗೆಗಳನ್ನು ನಿಷೇಧಿಸಿತು. ಬಾರ್ಸಿಲೋನಾ ತನ್ನ 10,000ಕ್ಕೂ ಹೆಚ್ಚು ಪ್ರವಾಸಿ ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನ ವೇಳೆಗೆ ಕೊನೆಗೊಳಿಸುವುದಾಗಿ 2024ರಲ್ಲಿ ಸಾರಿತು. ಕಾನೂನು ನಿಧಾನವಾಗಿ ಬರುತ್ತಿದೆ. ಅಲ್ಲಿಯವರೆಗೆ ಕಾಯಬೇಕೆಂಬ ಕಟ್ಟಳೆ ಅತಿಥಿಗೆ ಇಲ್ಲ.

ಆದ್ದರಿಂದ ನಮ್ಮ ಸಂಘಗಳ ಪ್ರವಾಸ ಸಮಿತಿಗಳಿಗೆ ಒಂದು ಮಾತು. ವೆನಿಸ್ ಎಂದು ಅಚ್ಚಾದ ಕಾರ್ಯಕ್ರಮ ಪಟ್ಟಿ ಕೈಗೆ ಬಂದಾಗ ಹೋಟೆಲಿನ ಹೆಸರನ್ನು ನೋಡಬೇಡಿ, ಅಂಚೆ ಸಂಖ್ಯೆಯನ್ನು ನೋಡಿ. 30121ರಿಂದ 30125ರವರೆಗಿನ ಸಂಖ್ಯೆಗಳು, ಜೊತೆಗೆ 30135, ಹಳೆಯ ನಗರದವು, 30126 ಲಿಡೊ, 30133 ಜುದೆಕ್ಕಾ. 3017 ಎಂದು ಆರಂಭವಾದರೆ ಅದು ನೀರಿನಾಚೆಯ ಊರು. ಎರಡನೆಯದಾಗಿ, ಕೊಡುವುದು ಇಡೀ ಮನೆಯಾದರೆ ಇದೊಂದನ್ನು ಕೇಳಿ: ಉಳಿದ ದಿನಗಳಲ್ಲಿ ಇಲ್ಲಿ ಯಾರು ವಾಸವಾಗಿದ್ದಾರೆ? ಯಾರೂ ಇಲ್ಲ ಎಂಬ ಉತ್ತರ ಬಂದರೆ ಬೇರೆ ಜಾಗ ಹುಡುಕಿ. ಮೂರನೆಯದಾಗಿ, ಮೂರು ರಾತ್ರಿಗಿಂತ ಕಡಿಮೆಯಿದ್ದರೆ ವೆನಿಸ್ಸನ್ನು ಆ ಸಲದ ಪಟ್ಟಿಯಿಂದ ತೆಗೆದುಬಿಡಿ. ಸಂಜೆ ಐದರ ನಂತರ, ದಿನದ ಗುಂಪುಗಳು ಸೇತುವೆ ದಾಟಿದ ಮೇಲೆ, ಚೌಕಗಳಲ್ಲಿ ಮಕ್ಕಳು ಚೆಂಡಾಡುವುದನ್ನು, ಮುದುಕರು ಬಾವಿಕಟ್ಟೆಯ ಬಳಿ ನಿಂತು ತಮ್ಮ ನುಡಿಯಲ್ಲಿ ಹರಟುವುದನ್ನು ಕಾಣಬೇಕಾದರೆ ಅಷ್ಟು ಸಮಯವಾದರೂ ಬೇಕು. ಆ ಮಕ್ಕಳಿಗೂ ಮುದುಕರಿಗೂ ಆ ಊರಿನಲ್ಲಿ ಮನೆ ಉಳಿದಿರಬೇಕು.